ಗುಂಡಿನ ಗೌರವ

ಲಾರಿಯಿಂದ ಇಳಿದ ಸೈನಿಕರು ಅಂಗಳದಲ್ಲಿ ಸಾಲಾಗಿ ನಿಂತು ಬಂದೂಕು ಒರೆಸುತ್ತಿರುವುದು ಅಡುಗೆಮನೆಯ ಕಿಟಕಿಯಿಂದ ಕಂಡದ್ದೇ ತಡ, ಅಮ್ಮ ಹಿರಿಯ ಮಗನನ್ನು ಒಳಗೆ ಕರೆಸಿಕೊಂಡರು. ಅವನು ಬಡಗಿ. ಅಪ್ಪನ ಶವಪೆಟ್ಟಿಗೆಯನ್ನು ಬೆಳಗ್ಗೆಯಷ್ಟೇ ತಾನೇ ಮಾಡಿ ಮುಗಿಸಿದ್ದ. ಮೊಣಕೈವರೆಗೂ ಮರದ ಹೊಟ್ಟು ಅಂಟಿತ್ತು.

"ಅವರನ್ನ ಯಾರು ಕರೆಸಿದ್ದು?"

"ನಾನೇ ಅಮ್ಮ. ಯುದ್ಧ ಮಾಡಿದೋರಿಗೆ ಗುಂಡು ಹಾರಿಸಿ ಗೌರವ ಕೊಡ್ತಾರೆ."

"ಬೇಡ ಅನ್ನು."

ಆ ಗೌರವಕ್ಕಾಗಿ ಅವನು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದ. ಹೊರಗೆ ನೆಂಟರಿಷ್ಟರು ಕಾದು ನಿಂತಿದ್ದರು. ತೊಂಬತ್ತು ದಾಟಿದ ಬಾಳಿಗೆ ಕೊನೆಯಲ್ಲಿ ಒಂದು ದೊಡ್ಡ ಸದ್ದಾದರೂ ಬೇಡವೇ ಎಂಬುದು ಅವನ ಮನಸ್ಸಿನಲ್ಲಿತ್ತು.

ಅಪ್ಪ ಹುಟ್ಟಿದ್ದು ಇದೇ ಹೊಲದ ಮನೆಯಲ್ಲಿ. ನೇಗಿಲ ಹಿಡಿ ಕೈಗೆಟುಕುವ ಮೊದಲೇ ಎತ್ತುಗಳ ಹಿಂದೆ ನಡೆದವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಫಿರಂಗಿ ದಳ ಸೇರಿ, ಯುದ್ಧ ಮುಗಿದಾಗ ಎಡಗಿವಿ ಕಿವುಡಾಗಿ ಬಂದರು. ಆಮೇಲೆ ಮದುವೆ, ಮಕ್ಕಳು, ಹಟ್ಟಿ ತುಂಬ ಹಸುಗಳು. ಯುದ್ಧದ ಬಗ್ಗೆ ಕೇಳಿದರೆ, ಅಲ್ಲಿ ಊಟಕ್ಕೆ ಉಪ್ಪೇ ಇರುತ್ತಿರಲಿಲ್ಲ ಎಂದು ಮಾತು ಮುಗಿಸುವರು. ಹೆಂಡತಿ ಬೈಯಲು ಬಾಯಿ ತೆರೆದರೆ ಆ ಕೆಟ್ಟ ಕಿವಿಯನ್ನೇ ಅವರತ್ತ ತಿರುಗಿಸಿ ಕೂರುವರು. ಸಂಸಾರ ಉಳಿಸಿದ್ದೇ ಈ ಕಿವಿ ಎಂದು ನೆಂಟರ ಮುಂದೆ ನಗುವರು.

ದುಃಖಕ್ಕೆ ಅಮ್ಮನ ತಲೆ ಕೆಟ್ಟಿದೆ ಎಂದುಕೊಂಡ ಮಗ, ಅಧಿಕಾರಿ ಕಾಯುತ್ತಿದ್ದಾನೆಂದು ಮೆತ್ತಗೆ ಹೇಳಿದ. ಅಮ್ಮ ಮಣೆ ಎಳೆದುಕೊಂಡು ಕೂತರು. ನೀನಿನ್ನೂ ಮೊಲೆ ಬಿಟ್ಟಿರಲಿಲ್ಲ ಎಂದು ಶುರುಮಾಡಿ, ಅವನು ಎಂದೂ ಕೇಳಿರದ ಸಂಗತಿ ಹೇಳಿದರು.

ಹುಲ್ಲು ಕೊಯ್ಯುವ ಕಾಲ. ಕೂಸನ್ನು ಬದುವಿನ ನೆರಳಲ್ಲಿ ಮಲಗಿಸಿದ್ದರು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರಿನ ಟಯರು ಒಡೆಯಿತು. ಅಪ್ಪ ಕುಡುಗೋಲು ಎಸೆದು ಓಡಿ ಕೂಸಿನ ಮೇಲೆ ಕವುಚಿಬಿದ್ದರು. ಭಾರ ತಾಗದಂತೆ ಮೊಣಕೈ ಊರಿಕೊಂಡಿದ್ದರು. ಟಯರು ಕಣ್ರೀ, ಬರೀ ಟಯರು ಎಂದು ಹೆಂಡತಿ ಎಷ್ಟು ಹೇಳಿದರೂ ಮೇಲೇಳಲಿಲ್ಲ. ಅಕ್ಕಪಕ್ಕದವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ತಮ್ಮ ಪಾಡಿಗೆ ತಾವು ಹೋದರು. ನೆರಳು ಉದ್ದವಾಗುವವರೆಗೂ ಅಪ್ಪ ಹಾಗೇ ಇದ್ದರು. ಕೂಸು ಎದೆಯಡಿಯಲ್ಲೇ ಅತ್ತು, ನಿದ್ದೆಹೋಗಿ, ಮತ್ತೆ ಎದ್ದು ಅವರ ಅಂಗಿಯ ಗುಂಡಿ ಚೀಪುತ್ತಿತ್ತು.

"ಎದ್ದ ಮೇಲೆ ಏನಂದ್ರು?"

"'ಮಗು ಹಸಿದಿದೆ, ನೋಡು' ಅಂದ್ರು. ಅಷ್ಟೇ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಇನ್ನೊಂದು ಕಿವೀನೂ ಹೋಗಿದ್ರೆ ಎಷ್ಟೋ ಸುಖವಾಗಿರ್ತಿದ್ರು. ಅವತ್ತಿಂದ ಈ ಮನೇಲಿ ನಾನು ಒಂದು ಬಾಗಿಲನ್ನೂ ದಡಾರಂತ ಹಾಕಿಲ್ಲ ಕಣೋ. ಈಗ ನೀನು ಬಂದೂಕು ಹಾರಿಸ್ತೀಯಾ?"

ಮಗ ಬಾಗಿಲ ಕಡೆ ನೋಡಿದ. ಚೌಕಟ್ಟಿನ ಸುತ್ತ ದಪ್ಪ ಬಟ್ಟೆಯ ಪಟ್ಟಿ. ಕೆಲಸ ಕಲಿತ ಹೊಸದರಲ್ಲಿ ಅಮ್ಮ ಹೇಳಿದರೆಂದು ಪ್ರತಿ ಬಾಗಿಲಿಗೂ ಅವನೇ ಹೊಡೆದದ್ದು. ಚಳಿಗಾಳಿ ತಡೆಯಲು ಎಂದುಕೊಂಡಿದ್ದ.

ಅವನು ಹೊರಗೆ ಹೋಗಿ ಅಧಿಕಾರಿಯ ಮುಂದೆ ನಿಂತ. "ಗುಂಡು ಬೇಡ ಸಾರ್. ನಮ್ಮಪ್ಪಂಗೆ ಸದ್ದು ಆಗ್ತಿರ್ಲಿಲ್ಲ."

ಅಧಿಕಾರಿ ತಲೆಯಾಡಿಸಿದ. ಸಾಲಿನುದ್ದಕ್ಕೂ ನಡೆದು ಮೆಲ್ಲಗೆ ಏನೋ ಹೇಳಿದ. ಒಬ್ಬೊಬ್ಬರೂ ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. ಇಷ್ಟು ಜನರ ಮುಂದೆ ಮಾನ ಹೋಯಿತೆಂದು ಚಿಕ್ಕಪ್ಪ ಗೊಣಗಿದರು. ಮಗ ಹೋಗಿ ಪೆಟ್ಟಿಗೆಗೆ ಹೆಗಲು ಕೊಟ್ಟ.

ಹೊಲದ ಮೂಲೆಯಲ್ಲಿ ಪೆಟ್ಟಿಗೆ ಕೆಳಗಿಳಿಯಿತು. ಸೈನಿಕರು ಬಂದೂಕಿನ ಮೂತಿ ನೆಲಕ್ಕೆ ಮಾಡಿ ನೆಟ್ಟಗೆ ನಿಂತಿದ್ದರು. ಹಸಿ ಮಣ್ಣು ಸಲಿಕೆಯಿಂದ ಜಾರಿ ಬೀಳುತ್ತಿತ್ತು. ಬೇಲಿಯಾಚೆ ಯಾರದೋ ಎಮ್ಮೆ ಕರುವನ್ನು ಕೂಗಿತು. ಸಾಲಿನ ತುದಿಯ ಸೈನಿಕ ತಲೆ ತಿರುಗಿಸಿ, ಕರು ಎಲ್ಲಿದೆಯೆಂದು ಕಣ್ಣಲ್ಲೇ ಹುಡುಕಿದ.