ವಾಹನದ ದೋಷ: ಸೊನ್ನೆ

ಹಳಿಯಾಳದ ಗ್ಯಾರೇಜು ಸಂಘಕ್ಕೆ ಯೂಸುಫ ತಾನಾಗಿ ಆಸೆಪಟ್ಟು ಅಧ್ಯಕ್ಷನಾದವನಲ್ಲ. ಸಂಘದಲ್ಲಿದ್ದವರೇ ಒಂಬತ್ತು ಮಂದಿ. ಅವರಲ್ಲಿ ಉಗುರಿನ ಸಂದಿಯ ಗ್ರೀಸು ತೊಳೆದು, ಇಸ್ತ್ರಿ ಅಂಗಿ ತೊಟ್ಟು, ಸರಕಾರಿ ಕಚೇರಿಯಲ್ಲಿ ತೊದಲದೆ ಮಾತಾಡಬಲ್ಲವನು ಇವನೊಬ್ಬನೇ ಎಂದು ಉಳಿದ ಎಂಟು ಮಂದಿ ಸೇರಿ ಆ ಪಟ್ಟವನ್ನು ಅವನಿಗೆ ಕಟ್ಟಿದ್ದರು. ಹಾಗಾಗಿ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ನಾಲ್ಕೂ ತಾಲ್ಲೂಕುಗಳಿಗೆ ರಸ್ತೆ ಸುರಕ್ಷತೆಯ ಗುರಿ ಗೊತ್ತುಮಾಡುವ ಸಭೆಗೆ ಬಾ ಎಂದು ಪತ್ರ ಬಂದಾಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಜ್ವರ ಬಂದಿದೆ ಎಂದು ಹೇಳಿ ನೋಡಿದ. ಹೆಂಡತಿ ಸಿರಾಜುನ್ನಿಸಾ ಹಣೆ ಮುಟ್ಟಿ, "ಕೊಡದ ನೀರಿನಂಗ ತಣ್ಣಗ ಐತಿ, ಏಳ್ರಿ" ಎಂದು ಅಂಗಿಯನ್ನು ಕೈಗೆ ಕೊಟ್ಟಳು.

ಸಭಾಂಗಣದ ಗೋಡೆಗೆ ಕಟ್ಟಿದ ಬ್ಯಾನರಿನಲ್ಲಿ ಊಟದ ತಾಟಿನಷ್ಟು ದೊಡ್ಡ ಸೊನ್ನೆ. ಅದರ ಕೆಳಗೆ, '2030ರ ಹೊತ್ತಿಗೆ ನಮ್ಮ ರಸ್ತೆಗಳಲ್ಲಿ ಒಂದೂ ಸಾವಿಲ್ಲ' ಎಂಬ ಬರಹ. ಅದನ್ನು ಕಟ್ಟಲು ಬಂದವನೇ ಹೆಲ್ಮೆಟ್ಟಿಲ್ಲದೆ ಬೈಕಿನಲ್ಲಿ ಬಂದಿದ್ದ ಎಂದು ಬಾಗಿಲಲ್ಲಿ ಯಾರೋ ನಗುತ್ತಿದ್ದರು. ಯೂಸುಫನೂ ನಗಬೇಕೆಂದುಕೊಂಡ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಫ್ಲೇವಿಯಾ ಕಣ್ಣಿಗೆ ಬಿದ್ದಳು. ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವರನ್ನು ತಾಲ್ಲೂಕಿಗೊಬ್ಬರಂತೆ ಕರೆಸಿದ್ದರಂತೆ. ಹಳಿಯಾಳದ ಪಾಲಿಗೆ ಬಂದವಳು ಅವಳು, ಅಂತೋನಿಯ ಹೆಂಡತಿ. ಯೂಸುಫನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಹನ್ನೊಂದು ತಿಂಗಳಿಂದ ಆ ಜೇಬಿನಲ್ಲಿ ಒಂದು ಸಣ್ಣ ಬೋಲ್ಟು ಇತ್ತು.

ಅಂತೋನಿ ಕಾಡಂಚಿನ ಸಿದ್ದಿ ಕೇರಿಯವನು. ಒಂದು ಹಳೆಯ ಟೆಂಪೊ ಇಟ್ಟುಕೊಂಡು, ಕೂಲಿಯವರನ್ನು ಬೆಳಿಗ್ಗೆ ಜೊಯಿಡಾ ಕಡೆಯ ಕೆಲಸಕ್ಕೆ ಬಿಟ್ಟು ಸಂಜೆ ಕರೆತರುತ್ತಿದ್ದ. ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಆ ಚಹಾವನ್ನೂ ಯೂಸುಫನ ಗ್ಯಾರೇಜಿಗೆ ಬಂದೇ ಕುಡಿಯಬೇಕು, ಕುಡಿಯುತ್ತ ಯೂಸುಫನ ಬೋಳುತಲೆಯನ್ನು ಗೇಲಿ ಮಾಡಬೇಕು. ಕಳೆದ ಮಾರ್ಚಿನಲ್ಲಿ ಅವನ ಟೆಂಪೊದ ಹಿಂದಿನ ಎಡಗಾಲಿಯಲ್ಲಿ ಬ್ರೇಕ್ ಆಯಿಲ್ ಸೋರತೊಡಗಿತು. ಹೊಸ ಸಾಮಾನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರಬೇಕು. ಬರುವತನಕ ಏನು ಮಾಡುವುದೆಂಬ ವಿದ್ಯೆ ಆ ಕಡೆಯ ಎಲ್ಲ ಮೆಕ್ಯಾನಿಕ್ಕರಿಗೂ ಬಾಯಿಪಾಠ. ಸೋರುವ ಗಾಲಿಗೆ ಹೋಗುವ ಪೈಪಿನ ಬಾಯಿಗೆ ಒಂದು ಬೋಲ್ಟು ಇಟ್ಟು ಬಿಗಿದುಬಿಡುವುದು. ಆ ಗಾಲಿಗೆ ಬ್ರೇಕ್ ಇರುವುದಿಲ್ಲ, ಉಳಿದ ಮೂರಕ್ಕೆ ಇರುತ್ತದೆ. ಗಾಡಿ ಮನೆ ಮುಂದೆ ನಿಂತರೆ ಇಪ್ಪತ್ತು ಮಂದಿಯ ಕೂಲಿ ನಿಲ್ಲುತ್ತದೆ, ಅದಕ್ಕೇ ಈ ಉಪಾಯ. ಯೂಸುಫನ ಅಪ್ಪನೂ ಮಾಡಿದ್ದ, ಯೂಸುಫನೂ ನೂರಾರು ಸಲ ಮಾಡಿದ್ದ. ಬಿಗಿದು, "ಸಾವಕಾಶ ಹೊಡಿ, ಗುರುವಾರ ಬಾ" ಎಂದು ಕಳಿಸಿದ.

ಸಾಮಾನು ಬುಧವಾರವೇ ಬಂತು. ಅದೇ ಹೊತ್ತಿಗೆ ಪ್ರವಾಸಿಗರನ್ನು ತುಂಬಿಕೊಂಡ ಇನ್ನೊಂದು ಟೆಂಪೊ ಅದೇ ರೋಗ ಹಿಡಿದು ಗ್ಯಾರೇಜಿನ ಮುಂದೆ ನಿಂತಿತು. ಒಳಗಿದ್ದವರು ಗಡಿಯಾರ ನೋಡಿ ನೋಡಿ ಕಿರುಚಾಡಿದರು. ಯೂಸುಫ ಅಂತೋನಿಯ ಸಾಮಾನನ್ನು ಅದಕ್ಕೆ ಹಾಕಿಬಿಟ್ಟ. ಮರುದಿನ ಬಂದ ಅಂತೋನಿಗೆ, "ಹುಬ್ಬಳ್ಳಿಯಿಂದ ಇನ್ನೂ ಬಂದಿಲ್ಲೋ, ಸೋಮವಾರ ಬಾ" ಎಂದ. ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ, ಹೇಳಿದ್ದು ಸುಳ್ಳೆಂದು ಅವನಿಗೇ ಹೊಳೆಯಲಿಲ್ಲ.

ಶನಿವಾರ ಸಂಜೆ ಸೂಪಾ ಇಳಿಜಾರಿನಲ್ಲಿ ಟೆಂಪೊ ತಿರುವು ಬಿಟ್ಟು ಕಂದಕಕ್ಕೆ ಬಿತ್ತು. ಮೂವರು ಹೋದರು. ಅಂತೋನಿ, ಮುದುಕ ಇನಾಸ, ಅದೇ ಕೇರಿಯ ಮಾಲವ್ವನ ಹತ್ತೊಂಬತ್ತರ ಮಗಳು ನೀಲಂ. ಗಾಡಿ ಎತ್ತಲು ಯೂಸುಫನಿಗೇ ಕರೆ ಬಂತು. ಚೈನು ಕಟ್ಟಲು ಕೆಳಗಿಳಿದು ನೋಡಿದರೆ, ಎಲ್ಲ ಜಜ್ಜಿಹೋಗಿದ್ದರೂ ಆ ಬೋಲ್ಟು ಮಾತ್ರ ಬಿಗಿದ ಹಾಗೇ ಕೂತಿತ್ತು. ಅತ್ತಿತ್ತ ನೋಡಿ, ಬಿಚ್ಚಿ, ಜೇಬಿಗೆ ಹಾಕಿಕೊಂಡ. ತಪಾಸಣೆಗೆ ಬಂದವರು ಬ್ರೇಕ್ ಪರೀಕ್ಷಿಸುವ ಸ್ಥಿತಿಯಲ್ಲಿಲ್ಲ ಎಂದು ಬರೆದುಕೊಂಡು ಹೋದರು. ಕಾರಣ ಎಂಬಲ್ಲಿ 'ಚಾಲಕನ ನಿರ್ಲಕ್ಷ್ಯ' ಎಂದು ಬಂತು. ಊರವರು ಅದಕ್ಕೆ ತಮ್ಮ ಕಡೆಯಿಂದ 'ಕುಡಿದಿದ್ದ' ಎಂದು ಸೇರಿಸಿದರು.

ಅಂದಿನಿಂದ ಮಾಲವ್ವ ಫ್ಲೇವಿಯಾಳ ಬಾಗಿಲ ಮುಂದೆ ಉಗುಳಿ ಹಾದುಹೋಗುತ್ತಿದ್ದಳು. ಯೂಸುಫ ಹದಿನೈದು ದಿನಕ್ಕೊಮ್ಮೆ ಆ ಮನೆಗೆ ಹೋಗುತ್ತಿದ್ದ. ಒಮ್ಮೆ ಪಂಪು, ಒಮ್ಮೆ ಮಿಕ್ಸರು, ಒಮ್ಮೆ ಬಾಗಿಲ ಚಿಲಕ. ಕೆಟ್ಟಿದ್ದನ್ನೂ ರಿಪೇರಿ ಮಾಡಿದ, ಕೆಡದಿದ್ದನ್ನೂ ಬಿಚ್ಚಿ ಜೋಡಿಸಿದ. ಎಷ್ಟು ಒಳ್ಳೆಯವನಪ್ಪ ಎಂದು ಕೇರಿಯವರು ಹೊಗಳಿದಾಗ ಅವನಿಗೆ ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸುತ್ತಿತ್ತು.

ಸಭೆ ನಡೆಸುತ್ತಿದ್ದ ಅಧಿಕಾರಿ ಮಹಾಬಳೇಶ್ವರ ಪರದೆಯ ಮೇಲೆ ಪಟ್ಟಿ ಬಿಟ್ಟರು. ಮನುಷ್ಯ ಒಳ್ಳೆಯವರೇ, ಆದರೆ ಕಾಗದದಲ್ಲಿ ಸರಿಯಿದ್ದದ್ದು ರಸ್ತೆಯಲ್ಲೂ ಸರಿಯಿರುತ್ತದೆ ಎಂದು ನಂಬಿದವರು.

"ಕಳೆದ ವರ್ಷ ನಾಲ್ಕೂ ತಾಲ್ಲೂಕು ಸೇರಿ ನಲವತ್ತೊಂದು ಸಾವು. ಈ ವರ್ಷದ ಗುರಿ ಮೂವತ್ತು. ಆಮೇಲೆ ಇಪ್ಪತ್ತು, ಹತ್ತು. 2030ಕ್ಕೆ ಸೊನ್ನೆ. ಕಾರಣಗಳನ್ನು ನೋಡಿ. ಕತ್ತಲಲ್ಲಿ ನಿಂತ ಕಬ್ಬಿನ ಟ್ರಾಲಿಗೆ ಗುದ್ದಿದ್ದು, ಆರು. ರಸ್ತೆಯ ತಿರುವು, ಎಂಟು. ಚಾಲಕನ ನಿರ್ಲಕ್ಷ್ಯ, ಇಪ್ಪತ್ತೇಳು."

ಫ್ಲೇವಿಯಾ ಎದ್ದು ನಿಂತಳು. "ಸಾಹೇಬ್ರ, ಆ ಇಪ್ಪತ್ತೇಳರೊಳಗ ನನ್ನ ಗಂಡ ಅದಾನೇನ್ರಿ?"

ಮಹಾಬಳೇಶ್ವರ ಕೈಯಲ್ಲಿದ್ದ ಹಾಳೆ ತಿರುವಿದರು. "ಹೌದಮ್ಮ. ಅವರ ಗಾಡಿಯಲ್ಲಿದ್ದ ಉಳಿದಿಬ್ಬರೂ ಇದರಲ್ಲೇ ಬರ್ತಾರೆ."

ಅವಳು ಕೂತಳು. ಅಧಿಕಾರಿಗೆ ಸಭೆ ಕಳೆಗುಂದಿತು ಅನ್ನಿಸಿರಬೇಕು, ಬೇಗನೆ ಕೊನೆಯ ಸಾಲಿಗೆ ಬಂದರು.

"ಸಂತೋಷದ ವಿಷಯವೂ ಇದೆ. ವಾಹನದ ದೋಷದಿಂದ ಆದ ಸಾವು, ಸೊನ್ನೆ! ಗುರಿ ಮುಟ್ಟಿದವರು ನಮ್ಮ ನಡುವೆ ಈಗಲೇ ಇದ್ದಾರೆ. ಗ್ಯಾರೇಜು ಸಂಘದವರ ಪರವಾಗಿ ಯೂಸುಫ ಅವರು ವೇದಿಕೆಗೆ ಬರಬೇಕು."

ಚಪ್ಪಾಳೆ ಬಿತ್ತು. ಯಾರೋ ಬೆನ್ನು ತಟ್ಟಿ ಎಬ್ಬಿಸಿದರು. ಯೂಸುಫ ಮೆಟ್ಟಿಲು ಹತ್ತಿದ. ಮಹಾಬಳೇಶ್ವರ ಶಾಲು ಬಿಡಿಸಿ ಹೊದಿಸಲು ಬಂದರು. ಫ್ಲೇವಿಯಾ ಚಪ್ಪಾಳೆ ತಟ್ಟುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಈ ಶಾಲು ಒಮ್ಮೆ ಹೆಗಲ ಮೇಲೆ ಬಿದ್ದರೆ ಇನ್ನು ಸಾಯುವತನಕ ಬಾಯಿ ಬಿಡಲಾರೆ ಎಂದು ಯೂಸುಫನಿಗೆ ಖಚಿತವಾಯಿತು. ಎರಡು ಹೆಜ್ಜೆ ಹಿಂದೆ ಸರಿದ.

"ಆ ಸೊನ್ನಿ ತಪ್ಪೈತ್ರಿ. ಅಲ್ಲಿ ಮೂರು ಅಂತ ಬರೀರಿ."

ಜೇಬಿನಿಂದ ಬೋಲ್ಟು ತೆಗೆದು ಮೇಜಿನ ಮೇಲಿಟ್ಟ. "ಅಂತೋನಿ ಕುಡದಿರಲಿಲ್ಲ. ಅವನ ಗಾಡಿಯ ಒಂದು ಗಾಲಿಯ ಬ್ರೇಕ್ ನಾನ ಬಂದ್ ಮಾಡಿದ್ದೆ, ಈ ಬೋಲ್ಟ್ ಹಾಕಿ. ಸಾಮಾನು ಬಂದಿತ್ರಿ. ಅದನ್ನ ಬ್ಯಾರೆ ಗಾಡಿಗೆ ಹಾಕಿ, ಬಂದಿಲ್ಲ ಅಂತ ಅವಗ ಸುಳ್ಳ ಹೇಳಿದೆ. ಗಾಡಿ ಬಿದ್ದ ಮ್ಯಾಲ ಇದನ್ನ ಬಿಚ್ಚಿ ಮುಚ್ಚಿಟ್ಟಾಂವನೂ ನಾನ."

ಮಹಾಬಳೇಶ್ವರರ ಕೈಯಲ್ಲಿ ಶಾಲು ಬಿಡಿಸಿದ ಹಾಗೇ ಉಳಿಯಿತು. ಆಮೇಲೆ ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಉರುಳಿತು. ಮಳಗಿಯ ಮೆಕ್ಯಾನಿಕ್ ಸಾಹಿಲ ಫೋನು ಕಿವಿಗಿಟ್ಟುಕೊಂಡು ಬಾಗಿಲ ಕಡೆ ಓಡುತ್ತಿದ್ದ. "ಗಾಡಿ ಎಲ್ಲಿ ಐತಿ? ನಿಲ್ಲಸು. ಇದ್ದಲ್ಲೇ ನಿಲ್ಲಸೋ, ನಾ ಬರ್ತೇನಿ" ಎಂದು ಅವನು ಕೂಗುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಉಳಿದ ಗ್ಯಾರೇಜಿನವರು ನೆಲ ನೋಡತೊಡಗಿದರು. ಇಬ್ಬರು ಮೆಲ್ಲಗೆ ತಮ್ಮ ತಮ್ಮ ಫೋನು ತೆಗೆದರು.

ಪೊಲೀಸ್ ಠಾಣೆಯಿಂದ ಬಂದಿದ್ದ ದುರ್ಗಪ್ಪ ಬೋಲ್ಟನ್ನು ಕರವಸ್ತ್ರದಲ್ಲಿ ಸುತ್ತಿ, "ನಾಳೆ ಹತ್ತಕ್ಕ ಠಾಣೆಗೆ ಬಂದು ಹೇಳಿಕೆ ಬರಸ್ರಿ. ಊರು ಬಿಟ್ಟು ಹೋಗಬ್ಯಾಡ್ರಿ" ಎಂದ. ಯೂಸುಫ ತಲೆಯಾಡಿಸಿದ. ಹಗುರಾಗುತ್ತೇನೆ ಎಂದುಕೊಂಡಿದ್ದ, ಆಗಲಿಲ್ಲ. ಖಾಲಿ ಜೇಬೇ ಹೆಚ್ಚು ಭಾರವೆನಿಸಿತು.

ಹೊರಗೆ ಅವನ ವ್ಯಾನಿನ ಪಕ್ಕದಲ್ಲಿ ಫ್ಲೇವಿಯಾ ನಿಂತಿದ್ದಳು.

"ಬೈಯವ್ವಾ ತಂಗಿ. ಚಪ್ಪಲಿ ತಗೊಂಡು ಹೊಡಿ."

"ಬೋಲ್ಟ್ ಹಾಕಿದ್ದು ನನಗ ಗೊತ್ತಿತ್ತು" ಎಂದಳು ಅವಳು. "ಗಾಡಿ ಬಿದ್ದ ದಿನ ಮುಂಜಾನಿ ಅಂವ ಹೇಳೇ ಹೋಗಿದ್ದ. ಒಂದು ಗಾಲಿ ಬಂದ್ ಐತಿ, ಯೂಸುಫಭಾಯಿ ಸೋಮವಾರ ಸರಿ ಮಾಡ್ತಾನ ಅಂತ. ನಾನೂ ಹೋಗು ಅಂದೆ."

"ಮತ್ತ ಯಾರ ಮುಂದೂ ಯಾಕ ಹೇಳಲಿಲ್ಲ?"

"ಎಲ್ಲಾರ ಮುಂದೂ ಹೇಳಿದೆ. ನಿಮ್ಮ ಕಿವಿಗೆ ಯಾರೂ ಹಾಕಲಿಲ್ಲ ಅಷ್ಟ. ಗಂಡನ ಹೆಸರು ಉಳಿಸಾಕ ಸುಳ್ಳು ಹೇಳ್ತಾಳ ಅಂದ್ರು. ಬೋಲ್ಟ್ ಎಲ್ಲೈತಿ, ತೋರಸು ಅಂದ್ರು. ಮಾಲವ್ವನೂ ಹಂಗ ಅಂದಳು." ಅವಳು ಅವನ ಕಡೆ ತಿರುಗಿದಳು. "ನೀವು ಬಂದಾಗೆಲ್ಲಾ ಇವತ್ತ ಹೇಳ್ತೀರಿ ಅಂತ ಚಾ ಇಟ್ಟು ಎದುರಿಗೆ ಕುಂಡ್ರತಿದ್ದೆ. ನೀವು ಪಂಪ್ ರಿಪೇರಿ ಮಾಡಿ ಹೋಗ್ತಿದ್ರಿ."

ಯೂಸುಫ ವ್ಯಾನಿಗೆ ಕೈ ಊರಿ ನಿಂತ. ಆ ಮನೆಯಲ್ಲಿ ಕುಡಿದ ಒಂದೊಂದು ಲೋಟ ಚಹಾವೂ ನೆನಪಾಯಿತು. ಅವಳು ಎದುರಿಗೆ ಕೂತು ಕೇಳುತ್ತಿದ್ದದ್ದು ಅದನ್ನೇ. ಅವನು ಮಾತ್ರ ಸಕ್ಕರೆ ಸಾಕು ಎನ್ನುತ್ತಿದ್ದ.

"ಸಾಮಾನು ಬಂದಿತ್ತು ಅನ್ನೂದು ಇವತ್ತ ಗೊತ್ತಾತು" ಎಂದು ಅವಳು ಕಣ್ಣೊರೆಸಿಕೊಂಡಳು. "ಅದನ್ನ ನಾ ಮರಿಯಾಕಿ ಅಲ್ಲ. ಇನ್ನ ನನ್ನ ಮನಿಗೆ ಬರಬ್ಯಾಡ್ರಿ."

"ಇಲ್ಲ. ಬರೂದಿಲ್ಲ."

"ಮಾಲವ್ವನ ಮನಿಗೆ ನಡೀರಿ. ನಾಳೆ ಠಾಣೆಗೆ ಹೋಗೂದಕ್ಕ ಮೊದಲ ಅಕಿ ಮುಂದ ಹೇಳ್ರಿ. ನಾನೂ ಬರ್ತೇನಿ. ನೀವು ಹೇಳೂದು, ಅಕಿ ಕೇಳೂದು ನಾ ನೋಡಬೇಕು."

ಯೂಸುಫ ವ್ಯಾನಿನ ಬಾಗಿಲು ತೆಗೆದ. ಫ್ಲೇವಿಯಾ ಹತ್ತಲಿಲ್ಲ.

"ಮೊದಲ ಬ್ರೇಕ್ ನೋಡ್ರಿ" ಎಂದಳು. "ನಾಲ್ಕೂ."

ಇಸ್ತ್ರಿ ಅಂಗಿಯಲ್ಲೇ ಯೂಸುಫ ಮಣ್ಣಿನಲ್ಲಿ ಮೊಣಕಾಲೂರಿದ. ಸಭೆಯಿಂದ ಹೊರಬಂದವರೆಲ್ಲ ನಿಂತು ನೋಡಿದರು. ಒಂದೊಂದು ಗಾಲಿಯ ಹಿಂದೆಯೂ ಬಗ್ಗಿ, ಪೈಪಿಗೆ ಬೆರಳಾಡಿಸಿ, ಒಣ ಬೆರಳನ್ನು ಅವಳಿಗೆ ತೋರಿಸಿದ. ಹಿಂದಿನ ಎಡಗಾಲಿಗೆ ಬಂದಾಗ ಅವನು ಕೈ ಚಾಚಿ ಹಿಂದಕ್ಕೆಳೆದುಕೊಂಡ. ಫ್ಲೇವಿಯಾ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕುಕ್ಕರಿಸಿ, ತಾನೇ ಕೈ ಹಾಕಿ ಮುಟ್ಟಿ ನೋಡಿದಳು. ಆಮೇಲೆ ಎದ್ದು, ಹಿಂದಿನ ಸೀಟಿನಲ್ಲಿ ಹೋಗಿ ಕೂತು, "ನಡೀರಿ" ಎಂದಳು. "ಸಾವಕಾಶ ಹೊಡೀರಿ."