ದೊರೆಸಾನಿಯ ತೇಗು

“ಚಿಕ್ಕಮ್ಮಾ, ಎಲ್ಲರಿಗಿಂತ ಎರಡು ಪಟ್ಟು ಗ್ಯಾಸ್ ಬಿಡ್ತಿರೋದು ಯಾರು ಗೊತ್ತಾ? ನಮ್ಮ ದೊರೆಸಾನಿ!”

ಚಿಕ್ಕಮ್ಮನ ಕೈಯಲ್ಲಿದ್ದ ಪೊರಕೆ ನಿಂತೇಹೋಯಿತು. “ಥೂ ಸುಳ್ಳಿ! ಅವಳ ಸಗಣಿ ವಾಸನೆ ಕೂಡ ಬರಲ್ಲ.”

“ಸಗಣಿಯಿಂದಲ್ಲ, ಬಾಯಿಂದ! ಮೇವು ಹೊಟ್ಟೇಲಿ ಕೊಳೆತು ಮೀಥೇನ್ ಆಗತ್ತೆ, ತೇಗಿನ ಜೊತೆ ಆಚೆ ಬರತ್ತೆ. ಭೂಮಿ ಬಿಸಿ ಆಗೋದ್ರಲ್ಲಿ ಅದರ ಪಾಲೂ ಇದೆ.”

“ತೇಗಿದ್ರೆ ಭೂಮಿ ಬಿಸಿ ಆಗತ್ತಾ? ಹಾಗಾದ್ರೆ ಮೊದಲು ನಿನ್ನ ಚಿಕ್ಕಪ್ಪನ್ನ ಅಳಿ!”

ಚಿಕ್ಕಮ್ಮ ಹಾಗೆ ಅಂದಳೇ ಹೊರತು ನಗಲಿಲ್ಲ. ಹನ್ನೆರಡು ಹಸುಗಳ ಆ ಕೊಟ್ಟಿಗೆಯಲ್ಲಿ ಒಂದು ತಿಂಗಳಿಂದ ದನದ ಡಾಕ್ಟರ ಗ್ಯಾಸ್ ಅಳತೆ ನಡೆದಿತ್ತು. ಹಸು ಬೂಸಾ ಪೆಟ್ಟಿಗೆಗೆ ತಲೆ ಹಾಕಿದ ಕೂಡಲೇ ಯಂತ್ರ ಅದರ ಕಿವಿಯೋಲೆಯ ನಂಬರು ಓದಿ, ಅದು ಬಿಟ್ಟ ಉಸಿರನ್ನು ಎಳೆದುಕೊಂಡು, ಗ್ಯಾಸಿನ ಅಂಕಿಯನ್ನು ಹುಡುಗಿಯ ಫೋನಿಗೆ ಕಳಿಸುತ್ತಿತ್ತು. ಅತಿ ಹೆಚ್ಚು ಗ್ಯಾಸ್ ಬಿಡುವ ಹಸುವನ್ನು ಕೊಟ್ಟಿಗೆಯಿಂದ ಕಳಿಸಿಬಿಡುತ್ತೇನೆಂದು ಚಿಕ್ಕಮ್ಮ ಡಾಕ್ಟರಿಗೆ ಮಾತು ಕೊಟ್ಟಿದ್ದಳು. ಆಗ ಅವಳ ಮನಸ್ಸಿನಲ್ಲಿದ್ದದ್ದು ಒದೆಯುವ ಕಪ್ಪಿ. ದೊರೆಸಾನಿಯಂತೂ ಅವಳೇ ಸೀಸೆಯಲ್ಲಿ ಹಾಲು ಕುಡಿಸಿ ಬೆಳೆಸಿದ ತಬ್ಬಲಿ. ಲಾರಿ ಬರುವುದು ನಾಳೆ ಬೆಳಗ್ಗೆ.

ಹುಡುಗಿಗೆ ಆ ಮಾತು ಆಗ ನೆನಪಾಯಿತು. ಓಡಿಹೋಗಿ ಪೆಟ್ಟಿಗೆ ನೋಡಿದಳು. ದೊರೆಸಾನಿ ಬೂಸಾ ಮೇಯುತ್ತಿದ್ದಳು. ಪಕ್ಕದಿಂದ ಇನ್ನೊಂದು ಮೂತಿಯೂ ಒಳಗಿತ್ತು. ಕಪ್ಪಿ! ಅವಳ ಕಿವಿಯಲ್ಲಿ ಓಲೆಯೇ ಇಲ್ಲ, ಕಂಬಕ್ಕೆ ಉಜ್ಜಿ ಉಜ್ಜಿ ಯಾವತ್ತೋ ಬೀಳಿಸಿಕೊಂಡಿದ್ದಳು.

“ಚಿಕ್ಕಮ್ಮಾ, ಇನ್ನೊಂದು ಹಸು ತಲೆ ಹಾಕದ ಹಾಗೆ ಪೆಟ್ಟಿಗೆ ಪಕ್ಕ ಹಾಕಿದ್ದ ಹಲಗೆ ಎಲ್ಲಿ?”

“ಅದಾ? ಹಾಲು ಕರೆಯೋಕೆ ಅದರ ಮೇಲೇ ಕೂರ್ತೀನಲ್ಲ. ಒಬ್ಬಳು ತಿನ್ನೋವಾಗ ಇನ್ನೊಬ್ಬಳು ಪಿಳಿಪಿಳಿ ನೋಡ್ತಾ ನಿಂತಿದ್ರೆ ಕರುಳು ಚುರುಕ್ ಅನ್ನಲ್ವೇನೇ? ಬಿಚ್ಚಿಹಾಕಿದೆ.”

ಇಬ್ಬರ ತೇಗು ಒಬ್ಬಳ ನಂಬರಿಗೆ! ಹುಡುಗಿ ಡಾಕ್ಟರಿಗೆ ಫೋನು ಮಾಡಿ ಒಂದೇ ಉಸಿರಿಗೆ ಒದರಿದಳು.

“ತಿಂಗಳ ಕೆಲಸ ಮಣ್ಣುಪಾಲು,” ಎಂದರು ಡಾಕ್ಟರು.

ಚಿಕ್ಕಮ್ಮ ಫೋನು ಕಿತ್ತುಕೊಂಡಳು. “ಹಾಗಾದ್ರೆ ನನ್ನ ದೊರೆಸಾನಿದು ಏನೂ ಇಲ್ಲ ತಾನೆ?”

“ಅವಳೂ ಎಲ್ಲರ ಹಾಗೇ ಇರಬಹುದು ಅಮ್ಮ. ಆದ್ರೆ ಗ್ಯಾಸೇನೂ ಕಮ್ಮಿ ಆಗ್ಲಿಲ್ಲ, ಬಿಟ್ಟವರ ಹೆಸರು ಬದಲಾಯ್ತು ಅಷ್ಟೇ.”

ಚಿಕ್ಕಮ್ಮ ತಿರುಗಿ ನೋಡಿದಳು. ಸಾಲಾಗಿ ಮೆಲುಕು ಹಾಕುವ ಬಾಯಿಗಳು. ಇಪ್ಪತ್ತು ವರ್ಷ ಅವುಗಳ ಹಿಂದೆಯೇ ನಿಂತು ತೊಳೆದಿದ್ದಳು, ಮುಂದಿನಿಂದ ಏನು ಹೋಗುತ್ತಿದೆಯೆಂದು ಗೊತ್ತೇ ಇರಲಿಲ್ಲ.

“ಇವರೆಲ್ಲಾ? ದಿನಾ?”

“ದಿನಾ,” ಎಂದಳು ಹುಡುಗಿ. ತಿಂಗಳಿಡೀ ಫೋನಿನಲ್ಲಿ ಅಂಕಿ ನೋಡಿದವಳಿಗೆ ಮೈ ಜುಮ್ಮೆಂದದ್ದು ಈಗ, ಚಿಕ್ಕಮ್ಮನ ಮುಖ ನೋಡಿ.

“ಲಾರಿ ಬೇಡ ಅಂತ ಹೇಳ್ತೀನಿ,” ಎಂದರು ಡಾಕ್ಟರು. “ಕಪ್ಪಿಗೆ ಹೊಸ ಓಲೆ ಹಾಕಿ ಮೊದಲಿಂದ ಅಳೆಯೋಣ. ಗ್ಯಾಸ್ ಕಮ್ಮಿ ಮಾಡೋ ಮೇವಿನ ವಿಷಯನೂ ಮಾತಾಡೋದಿದೆ. ನಾಳೆ ಆರಕ್ಕೆ?”

ಚಿಕ್ಕಮ್ಮ ದೊರೆಸಾನಿಯ ಕುತ್ತಿಗೆ ಮೇಲೆ ಕೈಯಿಟ್ಟಳು. “ಬನ್ನಿ. ಈ ಸಲ ಯಾರ ನಂಬರು ಬಂದ್ರೂ ಕಳಿಸ್ತೀನಿ, ಮಾತು ಮಾತೇ. ಆರಕ್ಕೆ ಹಲಗೆ ತೊಳೆದು ಪೆಟ್ಟಿಗೆ ಪಕ್ಕಕ್ಕೆ ವಾಪಸ್ ಹಾಕಿರ್ತೀನಿ.”