ಆಯುಧಪೂಜೆ ದಿನ ಕಂಟ್ರೋಲ್ ಪ್ಲೇನ್ ಅಪ್‌ಗ್ರೇಡ್

೧

ಈ ಕಥೆ ಎಲ್ಲಿಂದ ಶುರುಮಾಡಲಿ ಅಂತ ನಿಮ್ಮನ್ನೇ ಕೇಳೋಣ ಅಂದುಕೊಂಡೆ. ಆಮೇಲೆ ಅನ್ನಿಸಿತು, ನಿಮಗೇನು ಗೊತ್ತು ಮಣ್ಣು. ಸತ್ತವನಿಂದ ಶುರುಮಾಡಿದರೆ ಪುಟ ತಿರುಗಿಸುತ್ತೀರಿ, ಕಂಪ್ಯೂಟರಿನಿಂದ ಶುರುಮಾಡಿದರೆ ಪುಸ್ತಕವನ್ನೇ ಮುಚ್ಚುತ್ತೀರಿ. ಅದಕ್ಕೇ ಒಬ್ಬ ಹೆಣ್ಣುಮಗಳು ಕುರ್ಚಿ ಮೇಲೆ ಕೂತಿರುವುದರಿಂದ ಶುರುಮಾಡುತ್ತೇನೆ, ಇದಕ್ಕೆ ಯಾರ ತಕರಾರೂ ಇರಲಾರದು.

ಹೆಸರು ಸಂಘಮಿತ್ರಾ. ಊರು ಬಿಳಿಗೆರೆ. ನಂಜನಗೂಡು ಬಸ್ ಸ್ಟ್ಯಾಂಡಿನ ಹಿಂದೆ, ಟೈರ್ ಅಂಗಡಿ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಕಂಪನಿ. ಅಲ್ಲಿಂದ ನರಸೀಪುರದ ತನಕ ಇರುವ ನರ್ಸಿಂಗ್ ಹೋಮುಗಳ ಆಂಬುಲೆನ್ಸುಗಳಿಗೆ ಬರುವ ಕರೆಗಳೆಲ್ಲ ಈ ಮಹಡಿಗೇ ಬಂದು ಹೋಗುತ್ತವೆ. ಯಾರೋ ಫೋನ್ ಮಾಡಿದರೆ ಒಂದು ಪ್ರೋಗ್ರಾಮು ಹತ್ತಿರದ ಗಾಡಿ ಹುಡುಕಿ ಡ್ರೈವರಿನ ಮೊಬೈಲಿಗೆ ರಿಂಗ್ ಕೊಡುತ್ತದೆ. ನಡುವೆ ಮನುಷ್ಯರೇ ಇಲ್ಲ ಅಂತ ಮಾಲೀಕ ಬೆಟ್ಟಸ್ವಾಮಿಯವರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಪ್ರೋಗ್ರಾಮು ನಿಂತರೆ ಕರೆ ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ರಿಂಗಾಗುತ್ತದೆ. ಅದನ್ನು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಸಂಘಮಿತ್ರಾಳ ಕೆಲಸ.

೨ (ಹರಿದುಹಾಕಿದ ಡ್ರಾಫ್ಟು)

ಆ ಮಹಡಿಯಲ್ಲಿರುವ ಮೂರು ಕಂಪ್ಯೂಟರುಗಳ ಬಗ್ಗೆ 'ಒಂದು ಯಜಮಾನ ಯಂತ್ರ, ಎರಡು ಆಳು ಯಂತ್ರ' ಅಂತ ಬರೆದೆ. ಓದಿ ಸಂಘಮಿತ್ರಾಳಿಗೆ ಸಿಟ್ಟು ಬಂತು. ಅವನ್ನು ನಡೆಸುವ ಸಾಫ್ಟ್‌ವೇರ್ ಮಾಡಿದವರೇ ಆ ಮಾತು ಕಿತ್ತುಹಾಕಿ ಕಂಟ್ರೋಲ್ ಪ್ಲೇನ್ ಅಂತ ಹೆಸರಿಟ್ಟು ವರ್ಷಗಳಾದವಂತೆ, ನಾನಿನ್ನೂ ಯಜಮಾನರ ಕಾಲೊತ್ತುತ್ತಾ ಕೂತಿದ್ದೇನಂತೆ. ಮೇಸ್ತ್ರಿ ಅಂತ ಬರೀರಿ ಅಂದಳು. ಅವಳಪ್ಪ ನಾಗಯ್ಯ ಗಾರೆ ಕೆಲಸದವರು, ಆ ಮಾತು ಅವಳಿಗೆ ಮನೆಮಾತು.

೨

ಆಯಿತು, ಮೇಸ್ತ್ರಿ. ಒಂದು ಮೇಸ್ತ್ರಿ ಯಂತ್ರ, ಎರಡು ಕೆಲಸದ ಯಂತ್ರ. ಮೇಸ್ತ್ರಿ ಇಟ್ಟಿಗೆ ಹೊರುವುದಿಲ್ಲ, ಯಾರು ಏನು ಹೊರಬೇಕು ಅಂತ ಹೇಳುತ್ತದೆ, ಅಷ್ಟೆ. ಮೇಸ್ತ್ರಿ ಟೀ ಕುಡಿಯಲು ಹೋದರೂ ಕೆಲಸ ನಡೆಯುತ್ತಿರುತ್ತದೆ. ಆದರೆ ಆ ಹೊತ್ತಲ್ಲಿ ಒಬ್ಬ ಕುಸಿದು ಬಿದ್ದರೆ, ಅವನ ಬಾಂಡಲಿ ನೀನು ಎತ್ತಿಕೋ ಅಂತ ಇನ್ನೊಬ್ಬನಿಗೆ ಹೇಳುವವರು ಇರುವುದಿಲ್ಲ.

ಮೇಸ್ತ್ರಿಯ ಸಾಫ್ಟ್‌ವೇರ್ ಹಳೆಯದಾಗಿತ್ತು. ಅಪ್‌ಗ್ರೇಡ್ ಮಾಡದಿದ್ದರೆ ಮುಂದೆ ರಿಪೇರಿಯೂ ಸಿಗದು. ಇನ್ನೊಂದು ಮೇಸ್ತ್ರಿ ಕೊಡಿಸಿ, ಒಬ್ಬನನ್ನೇ ನಂಬಬಾರದು ಅಂತ ಅವಳು ಕೇಳಿ ಕೇಳಿ ಸಾಕಾಗಿತ್ತು. ನೋಡೋಣ ಕಣಮ್ಮ ಅನ್ನುತ್ತಾ ಬೆಟ್ಟಸ್ವಾಮಿಯವರು ನೋಡದೇ ಇದ್ದರು. ಕೊನೆಗೆ ಅವರೇ ಆಯುಧಪೂಜೆ ದಿನ ಗೊತ್ತುಮಾಡಿದರು. ಆಫೀಸಿಗೆ ರಜ, ಫೋನು ಕಡಿಮೆ, ಮಷೀನುಗಳಿಗೂ ರೆಸ್ಟು ಅಂದರು.

(ಹೌದು, ಮಷೀನುಗಳಿಗೆ ರೆಸ್ಟು. ನಗಬೇಡಿ. ನಿಮ್ಮನೆ ಸ್ಕೂಟರಿಗೂ ಆವತ್ತು ಕುಂಕುಮ ಇಟ್ಟಿರುತ್ತೀರಿ.)

೩

ಆವತ್ತು ಬೆಳಿಗ್ಗೆ ಮಹಡಿ ತುಂಬ ಸೇವಂತಿಗೆ ವಾಸನೆ. ಬೆಟ್ಟಸ್ವಾಮಿಯವರೂ ಅವರ ಹೆಂಡತಿ ಚನ್ನಬಸಮ್ಮನವರೂ ಬಾಳೆಕಂದು, ಬೂದುಗುಂಬಳಕಾಯಿ ಹೊತ್ತುಕೊಂಡು ಬಂದರು. ಸಂಘಮಿತ್ರಾಳ ಮನೆಯವರು ಬೌದ್ಧರು, ಪೂಜೆ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

"ನಿಮಗೆ ಇದರಲ್ಲೆಲ್ಲ ನಂಬಿಕೆ ಇಲ್ವಲ್ಲಮ್ಮ. ಸುಮ್ನೆ ಮುಜುಗರ ಯಾಕೆ, ಹೊರಗೆ ಆರಾಮಾಗಿ ಕೂತ್ಕೊಂಡು ಮಾಡಿ," ಅಂದರು ಬೆಟ್ಟಸ್ವಾಮಿಯವರು.

ಪ್ರತಿ ವರ್ಷವೂ ಹೀಗೇ ಅನ್ನುತ್ತಿದ್ದರು. ಇದು ಮರ್ಯಾದೆಯೋ ಮತ್ತೊಂದೋ ಅಂತ ಅವಳು ತೂಗಿನೋಡಿ, ಮರ್ಯಾದೆಯೇ ಇರಲಿ ಅಂತ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಮೇಸ್ತ್ರಿ ಯಂತ್ರ ಮಾತ್ರ ಮುಟ್ಟಬೇಡಿ ಅಂತ ಹೇಳಿ, ಲ್ಯಾಪ್‌ಟಾಪ್ ಎತ್ತಿಕೊಂಡು ವರಾಂಡಕ್ಕೆ ಬಂದಳು. ಹಿಂದಿನಿಂದ ಬಾಗಿಲು ಹಾಕಿಕೊಂಡಿತು.

('ಮಾತ್ರ' ಅನ್ನೋದನ್ನ ಅಡಿಗೆರೆ ಎಳೆದು ಬರೀರಿ ಅಂದಳು. ಮೂರು ಯಂತ್ರಕ್ಕೂ ಸೇರಿಸಿ ಹೇಳಬೇಕಿತ್ತಂತೆ. ನಾನು ಅಡಿಗೆರೆ ಎಳೆಯಲಿಲ್ಲ.)

ಅವಳು ಮಾಡಿದ್ದೆಲ್ಲ ಕ್ರಮವಾಗಿಯೇ ಮಾಡಿದಳು. ಮೇಸ್ತ್ರಿಯ ನೆನಪನ್ನೆಲ್ಲ ಬೇರೆ ಕಡೆ ಬ್ಯಾಕಪ್ ತೆಗೆದಿಟ್ಟಳು. ಹಳೇ ವರ್ಶನ್ನಿನಿಂದ ನೇರ ಕೊನೇದಕ್ಕೆ ಹಾರದೆ, ಮುಂದಿನ ಒಂದೇ ಮೆಟ್ಟಿಲು ಹತ್ತಿದಳು. ಹೊಸ ಕೆಲಸ ಮೇಸ್ತ್ರಿಯ ತಲೆಗೆ ಬರಬಾರದು ಅಂತ ಅದನ್ನು ಡ್ರೈನ್ ಮಾಡಿದಳು, ಅಂದರೆ ಖಾಲಿ ಮಾಡಿದಳು. ಆಮೇಲೆ ಅಪ್‌ಗ್ರೇಡ್ ಕೊಟ್ಟಳು, ಮೇಸ್ತ್ರಿ ಮಲಗಿತು. ಏಳಬೇಕಾದ ಹೊತ್ತಿಗೆ ಏಳಲಿಲ್ಲ.

೪

ಒಳಗೆ ಚನ್ನಬಸಮ್ಮನವರು ಒದ್ದೆ ಬಟ್ಟೆ ಹಿಡಿದು ನಿಂತಿದ್ದರು. ಕರೆಂಟಿನ ಸಾಮಾನಿಗೆ ಒದ್ದೆ ಬಟ್ಟೆ ಹಾಕುವ ಮುಂಚೆ ಸ್ವಿಚ್ ಆರಿಸಬೇಕು ಅನ್ನುವುದು ಮಿಕ್ಸಿ ಇಟ್ಟುಕೊಂಡವರಿಗೆಲ್ಲ ಗೊತ್ತು. ಮೇಸ್ತ್ರಿಯ ಗೋಜಿಗೆ ಅವರು ಹೋಗಲಿಲ್ಲ, ಸಂಘಮಿತ್ರಾ ಹೇಳಿದ್ದಳಲ್ಲ. ಕೈಗೆ ಎಟಕುವಂತೆ ಕೆಳಗಿದ್ದ ಯಂತ್ರವೊಂದನ್ನು ಮಾತ್ರ ಆರಿಸಿ, ಒರೆಸಿ, ವಿಭೂತಿ ಎಳೆದು, ಹೂವಿಟ್ಟು, ಮಂಗಳಾರತಿ ಆಗುವ ತನಕ ಹಾಗೇ ಬಿಟ್ಟರು. ಕರೆ ಪ್ರೋಗ್ರಾಮು ಇದ್ದದ್ದು ಅದರಲ್ಲೇ.

ಮೇಸ್ತ್ರಿ ಎದ್ದಿದ್ದಿದ್ದರೆ, ಅದೇ ಆ ಪ್ರೋಗ್ರಾಮನ್ನು ಪಕ್ಕದ ಯಂತ್ರದ ತಲೆ ಮೇಲೆ ಹೊರಿಸುತ್ತಿತ್ತು.

ಹೊರಗೆ ಸಂಘಮಿತ್ರಾ ಬ್ಯಾಕಪ್ ಹಾಕಿ ಮೇಸ್ತ್ರಿಯನ್ನು ಹಿಂದಿನ ವರ್ಶನ್ನಿಗೆ ಮರಳಿಸಿದಳು. ಮೇಸ್ತ್ರಿ ಕಣ್ಣುಬಿಟ್ಟಿತು. ಬಿಟ್ಟ ಕೂಡಲೇ ಒಂದು ಯಂತ್ರದ ಎದುರು 'ನಾಟ್ ರೆಡಿ' ಅಂತ ತೋರಿಸಿತು. ಆದರೆ ಬಿದ್ದವನು ತಾನೇ ಏಳುತ್ತಾನೇನೋ ಅಂತ ಕೆಲವು ನಿಮಿಷ ಕಾದೇ ಅದು ಬಾಂಡಲಿಯನ್ನು ಇನ್ನೊಬ್ಬನಿಗೆ ಹೊರಿಸುವುದು. ಎದ್ದು ಬಾಗಿಲು ತಟ್ಟಬಹುದಿತ್ತು. ತಟ್ಟಲಿಲ್ಲ. ತಾನೇ ಏನೋ ಕೆಡಿಸಿದ್ದೇನೆ ಅಂತ ತಾನು ಹೊಡೆದ ಒಂದೊಂದು ಸಾಲನ್ನೂ ಮತ್ತೆ ಓದಿಕೊಂಡು ಬಂದಳು. ಶಾಲೆಯಿಂದ ಹಿಡಿದು ಇವತ್ತಿನ ತನಕ, ಏನೇ ಕೆಟ್ಟರೂ ಮೊದಲು ತನ್ನ ತಪ್ಪನ್ನೇ ಹುಡುಕಿ ರೂಢಿಯಾದ ಹುಡುಗಿ ಅವಳು.

ಬಾಗಿಲು ತೆರೆದು ಚನ್ನಬಸಮ್ಮನವರು ಪೇಪರಿನಲ್ಲಿ ಕಡ್ಲೆಪುರಿ, ಸಿಹಿ ತಂದುಕೊಟ್ಟರು.

"ಆರತಿ ಆಯ್ತು ಕಣವ್ವ. ಇನ್ನು ಅದರ ಸ್ವಿಚ್ ಹಾಕ್ಕೊಬಹುದು," ಅಂದರು.

೫

ಇಲ್ಲಿ ತಲಕಾಡು ಬರಬೇಕು. ಬರೆಯಲು ಮನಸ್ಸಿಲ್ಲ. ಆ ಯಂತ್ರ ಆರಿದ್ದ ಹೊತ್ತಲ್ಲೇ ಅಲ್ಲಿನ ಕಲ್ಲಯ್ಯನಿಗೆ ಎದೆನೋವು ಬಂತು, ಅವನ ಹೆಂಡತಿ ಮುತ್ತಮ್ಮ ಗೋಡೆ ಮೇಲೆ ಬರೆದಿಟ್ಟಿದ್ದ ನಂಬರು ನೋಡಿ ಫೋನ್ ಮಾಡಿದಳು, ಮತ್ತೆ ಮಾಡಿದಳು, ಮತ್ತೆ ಮಾಡಿದಳು. ನರಸೀಪುರ ಬಸ್ ಸ್ಟ್ಯಾಂಡಿನ ಪಕ್ಕ ಡ್ರೈವರ್ ನಂಜೇಶ್ ತನ್ನ ಆಂಬುಲೆನ್ಸನ್ನು ತೊಳೆದು, ಹಾರ ಹಾಕಿ, ಮೊಬೈಲು ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ಅದು ರಿಂಗಾಗಲಿಲ್ಲ. ಕಲ್ಲಯ್ಯನನ್ನು ಟೊಮೇಟೊ ಸಾಗಿಸುವ ಗಾಡಿಯಲ್ಲಿ ಹಾಕಿಕೊಂಡು ಹೊರಟರು, ದಾರಿಯಲ್ಲೇ ಪ್ರಾಣ ಹೋಯಿತು.

೬ (ಒಂದು ಮುಕ್ತಾಯ)

ಸಂಘಮಿತ್ರಾ ಬಾಗಿಲು ತಟ್ಟುತ್ತಾಳೆ, ಸ್ವಿಚ್ ಹಾಕುತ್ತಾರೆ, ಕಲ್ಲಯ್ಯ ಬದುಕುತ್ತಾನೆ.

ಬೇಡ ಅಂದಳು. ಅವನ ತಿಥಿ ಊಟ ಆಗಿಹೋಗಿದೆ, ಮುತ್ತಮ್ಮನ ಮನೆ ಮುಂದೆ ನಿಂತು ಇದನ್ನು ಓದುತ್ತೀರಾ ಅಂತ ಕೇಳಿದಳು.

೬ (ಇನ್ನೊಂದು)

ಎಲ್ಲ ತಪ್ಪನ್ನೂ ವಿಭೂತಿ ಮೇಲೆ ಹಾಕುತ್ತೇನೆ. ನಾಲ್ಕು ಜನ ಭೇಷ್ ಅನ್ನುತ್ತಾರೆ.

ಅದೂ ಬೇಡ ಅಂದಳು. ಚನ್ನಬಸಮ್ಮನವರು ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಹಾಗಾದರೆ ನಿನ್ನ ಮೇಲೆ ಹಾಕಲಾ ಅಂದೆ. ಪೆನ್ನನ್ನು ನನ್ನ ಕಡೆ ತಳ್ಳಿದಳು. ನನಗೆ ರೇಗಿಹೋಯಿತು. ಬಾಗಿಲು ಹಾಕಿದ್ದು ನೀನಲ್ಲವಲ್ಲೇ ತಾಯಿ ಅಂತ ಕೂಗಾಡಿದೆ. (ಲೇಖಕರು ಪಾತ್ರಗಳ ಮೇಲೆ ಕೂಗಾಡಬಾರದು ಅಂತಾರೆ. ಅವರ ಕಥೆ ಅವರು ಬರೆದುಕೊಳ್ಳಲಿ.)

೬

ಬೆಟ್ಟಸ್ವಾಮಿಯವರು ಮೊಬೈಲ್ ಟವರಿನ ತೊಂದರೆ ಅಂತ ಹೇಳಿಬಿಡಿ, ಕೆಲಸ ಉಳಿಯುತ್ತೆ ಅಂದಿದ್ದರು. ಅದನ್ನು ಕೇಳಿಸಿಕೊಂಡೇ ಅವಳು ತಲಕಾಡಿನ ಬಸ್ಸು ಹತ್ತಿದಳು. ಏನು ಹೇಳುತ್ತಾಳೋ ನನಗೂ ಗೊತ್ತಿರಲಿಲ್ಲ.

ಮುತ್ತಮ್ಮ ಜಗುಲಿ ಮೇಲೆ ಕೂತಿದ್ದಳು. ಕಂಪನಿಯವರು ಅಂದ ಕೂಡಲೇ ಬೈಯುತ್ತಾಳೆ ಅಂತ ನಾನು ನಾಲ್ಕಾರು ಬೈಗುಳ ಜೋಡಿಸಿಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಅವಳು ಸಂಘಮಿತ್ರಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ತನಗೆ ಓದು ಬರಲ್ಲ, ಅಂಕಿ ನೋಡಿ ನೋಡಿ ಒತ್ತಿದ್ದು, ಗಾಬರೀಲಿ ಯಾವುದೋ ಒಂದು ಬಿಟ್ಟಿರಬೇಕು, ಮಗನೂ ಹಂಗೇ ಅಂತಾನೆ ಅಂದಳು. ರಾತ್ರಿಯೆಲ್ಲ ಅದೇ ಕಣ್ಣಿಗೆ ಕಟ್ಟುತ್ತದಂತೆ.

"ನಾನೇ ನಂಬರು ತಪ್ಪಾಗಿ ಒತ್ಬುಟ್ಟು ಅವ್ರುನ್ನ ಸಾಯಿಸ್ಬುಟ್ನಾ? ನೀನಾರ ಯೋಳವ್ವ."

"ಇಲ್ಲಮ್ಮ. ಸರಿಯಾಗೇ ಒತ್ತಿದ್ರಿ."

ಇಲ್ಲಿಗೆ ನಿಲ್ಲಿಸಿದರೆ ಚೆಂದ. ನಾನು ನಿಲ್ಲಿಸಿಯೂ ಇದ್ದೆ, ಪೆನ್ನಿನ ಕ್ಯಾಪು ಹಾಕಿದ್ದೆ. ಆದರೆ ಮುತ್ತಮ್ಮನ ಮುಖ ಒಂದು ಗಳಿಗೆ ಸಡಿಲವಾಗಿ ಮತ್ತೆ ಬಿಗಿಯಾಯಿತು.

"ಮತ್ಯಾಕವ್ವ ಯಾರೂವೆ ಎತ್ತಲಿಲ್ಲ?"

ಸಂಘಮಿತ್ರಾ ನನ್ನ ಕಡೆ ನೋಡಿದಳು. ನಾನು ನಿಮ್ಮ ಕಡೆ ನೋಡುತ್ತಿದ್ದೇನೆ. ಮುತ್ತಮ್ಮ ಅವಳ ಕೈ ಇನ್ನೂ ಬಿಟ್ಟಿಲ್ಲ.